ಬಿಲ್ಡ್ ಫೈಲು ನಾಲ್ಕು ಯಾಕೆ, ಒಂದು ಸಾಲದೇ?

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ತಕರಾರಿನವು. ವೆಬ್ ಆ್ಯಪ್ ಬರೆಯುವಾಗ ಇಲ್ಲದ ಕಷ್ಟ ಅದನ್ನು ಸರ್ವರ್‌ಗೆ ಏರಿಸುವಾಗ ಬರುತ್ತದೆ ಅಂತ. ಬರೆದ ಕೋಡನ್ನು ಬ್ರೌಸರ್‌ಗೆ ಕಳಿಸುವ ಫೈಲುಗಳಾಗಿ ತಯಾರಿಸುವುದು ಬಿಲ್ಡ್, ಅವನ್ನು ಸರ್ವರ್‌ಗೆ ಏರಿಸುವುದು ಡಿಪ್ಲಾಯ್. ಗಂಗಾವತಿಯ ಪತ್ರ ಉದ್ದವಿದೆ, ಅದಕ್ಕೆ ನನ್ನ ಉತ್ತರ ಇನ್ನೂ ಉದ್ದ. ಉಳಿದವರು ಬೇಜಾರು ಮಾಡಿಕೊಳ್ಳಬೇಡಿ. ನಿಮ್ಮ ಪ್ರಶ್ನೆಗಳಿಗೂ ಅರ್ಧ ಉತ್ತರ ಅದರಲ್ಲೇ ಇದೆ.

ಪ್ರಶ್ನೆ: ಮೇಡಂ, ನಮ್ಮದು ರೈಸ್ ಮಿಲ್. ಭತ್ತದ ಲಾರಿ ಬಂದಾಗ ಗೇಟಿನಲ್ಲಿ ಟೋಕನ್, ಆಮೇಲೆ ತೂಕ, ತೇವಾಂಶ, ಕೊನೆಗೆ ಬಿಲ್ಲು. ಇಷ್ಟಕ್ಕೂ ಒಂದು ವೆಬ್ ಆ್ಯಪ್ ಇದೆ. 2019ರಲ್ಲಿ ಪರಿಚಯದ ಹುಡುಗನೊಬ್ಬ ರಿಯಾಕ್ಟ್‌ನಲ್ಲಿ ಮಾಡಿಕೊಟ್ಟ. ಈಗ ಅವನು ಹೈದರಾಬಾದಿನಲ್ಲಿದ್ದಾನೆ. ಫೋನ್ ಎತ್ತುತ್ತಾನೆ, ಆದರೆ ‘ನೆನಪಿಲ್ಲ ಅಣ್ಣಾ’ ಅನ್ನುತ್ತಾನೆ. ಬಿಲ್ಡ್ ಮಾಡುವ ವೆಬ್‌ಪ್ಯಾಕ್‌ಗೆ ನಾಲ್ಕು ಸೆಟ್ಟಿಂಗ್ ಫೈಲು ಇವೆ: ಕಾಮನ್, ಡೆವ್ (ಕೋಡ್ ಬರೆಯುವಾಗಿನದು), ಸ್ಟೇಜಿಂಗ್ (ಪರೀಕ್ಷೆಯದು), ಪ್ರಾಡ್ (ಜನ ಬಳಸುವುದು). ಹೊಸ ಕೋಡನ್ನು ಹಳೆಯ ಬ್ರೌಸರ್‌ಗೆ ಹೊಂದಿಸುವ ಬೇಬಲ್‌ನ ಸೆಟ್ಟಿಂಗ್ ಎರಡು ಕಡೆ. ವಿಳಾಸ, ಕೀ ತರಹದ ಮೌಲ್ಯಗಳನ್ನು ಇಡುವ ಇಎನ್‌ವಿ ಫೈಲು ಮೂರು. ಜೊತೆಗೆ ಡಿಪ್ಲಾಯ್ ಅಂತ ಒಂದು ಶೆಲ್ ಸ್ಕ್ರಿಪ್ಟು. ನನ್ನ ಹೊಸ ಲ್ಯಾಪ್‌ಟಾಪಿನಲ್ಲಿ ಬಿಲ್ಡ್ ಮಾಡಿದರೆ ಓಪನ್‌ಎಸ್‌ಎಸ್‌ಎಲ್ ಬಗ್ಗೆ ಏನೋ ಎರರ್. ಸರ್ವರ್‌ನಲ್ಲಿ ಮಾಡಿದರೆ ಅರ್ಧಕ್ಕೆ ‘ಕಿಲ್ಡ್’ ಅಂತ ಬಂದು ನಿಲ್ಲುತ್ತದೆ. ಬಿಲ್ಲಿನಲ್ಲಿ ಒಂದು ಸಾಲು ಸೇರಿಸಬೇಕಿತ್ತು, ಅಷ್ಟೇ. ಇದನ್ನೆಲ್ಲ ಸರಳ ಮಾಡಲು ಆಗುತ್ತದಾ, ಇಲ್ಲ ಹೊಸದಾಗಿಯೇ ಬರೆಸಬೇಕಾ?
– ಮಿಲ್ ಮಾಲೀಕರ ಮಗ, ಗಂಗಾವತಿ

ಉತ್ತರ: ಹೊಸದಾಗಿ ಬರೆಸಬೇಡಿ. ನಿಮ್ಮ ಆ್ಯಪ್ ಕೆಟ್ಟಿಲ್ಲ. ಅದನ್ನು ಬಿಲ್ಡ್ ಮಾಡುವ ಏರ್ಪಾಡು ಬೇಡದಷ್ಟು ಬೆಳೆದಿದೆ. ಅದನ್ನು ಇಳಿಸಬಹುದು. ಆದರೆ ಸುಗ್ಗಿಯಲ್ಲಿ ಕೈ ಹಾಕಬೇಡಿ. ಗೇಟಿನ ಮುಂದೆ ಲಾರಿ ಸಾಲು ನಿಂತಿರುವಾಗ ಟೋಕನ್ ಬರದಿದ್ದರೆ ಡ್ರೈವರ್‌ಗಳಿಗೆ ವೆಬ್‌ಪ್ಯಾಕ್ ಕಥೆ ಹೇಳಿ ಸಮಾಧಾನ ಮಾಡಲು ಆಗುವುದಿಲ್ಲ.

ಶುರು ಮಾಡುವ ಮೊದಲು ಎರಡು ಕೆಲಸ ಮಾಡಿ. ಈಗ ಸರ್ವರ್‌ನಲ್ಲಿ ಓಡುತ್ತಿರುವ ‘ಡಿಸ್ಟ್’ (ಬಿಲ್ಡ್ ಆದ ಫೈಲುಗಳ) ಫೋಲ್ಡರ್ ಇದೆಯಲ್ಲ, ಅದರ ಒಂದು ಪ್ರತಿ ತೆಗೆದಿಡಿ. ಕೋಡಿನ ಬದಲಾವಣೆಗಳ ದಾಖಲೆ ಇಡುವ ಗಿಟ್‌ನಲ್ಲಿ ಈಗಿರುವ ಸ್ಥಿತಿಗೆ ಒಂದು ಟ್ಯಾಗ್ ಹಾಕಿ. ಮುಂದೆ ಏನೇ ಎಡವಟ್ಟಾದರೂ ಇಲ್ಲಿಗೆ ವಾಪಸ್ ಬರಬಹುದು.

ಈಗ ನಿಮ್ಮ ಎರಡು ಎರರ್. ‘ಕಿಲ್ಡ್’ ಅನ್ನುವುದು ನಿಮ್ಮ ಕೋಡಿನ ತಪ್ಪಲ್ಲ. ಸರ್ವರ್‌ನಲ್ಲಿ ಮೆಮೊರಿ ಮುಗಿದಾಗ ಲಿನಕ್ಸ್ ಕರ್ನಲ್ ತಾನೇ ಒಂದು ಪ್ರೋಸೆಸ್ಸನ್ನು ಆರಿಸಿ ನಿಲ್ಲಿಸುತ್ತದೆ. ಸಾಮಾನ್ಯವಾಗಿ ಜಾಸ್ತಿ ಮೆಮೊರಿ ತಿನ್ನುತ್ತಿರುವುದನ್ನೇ ಆರಿಸುತ್ತದೆ. ಆ ಹೊತ್ತಿನಲ್ಲಿ ಅದು ನಿಮ್ಮ ಬಿಲ್ಡ್. ‘ಡಿಮೆಸೇಜ್’ (dmesg) ಕಮಾಂಡ್ ಕೊಟ್ಟು ನೋಡಿ, ‘ಔಟ್ ಆಫ್ ಮೆಮೊರಿ’ ಅಂತ ಬರೆದಿರುತ್ತದೆ. 1 ಜಿಬಿ ಮೆಮೊರಿಯ ಸಣ್ಣ ಸರ್ವರ್‌ಗೆ ತಯಾರಾದ ಫೈಲುಗಳನ್ನು ಜನರಿಗೆ ಕಳಿಸುವುದು ಸುಲಭ. ಸಾವಿರಾರು ಫೈಲು ಓದಿ, ಕುಗ್ಗಿಸಿ, ಒಂದು ಮಾಡುವ ಕೆಲಸ ಅದಕ್ಕೆ ಭಾರ. ಸ್ವಾಪ್ (ಮೆಮೊರಿ ಸಾಲದಾಗ ಡಿಸ್ಕನ್ನೇ ಬಳಸುವ ಏರ್ಪಾಡು) ಹಾಕಿ ಅಂತ ಕೆಲವರು ಹೇಳುತ್ತಾರೆ. ಹಾಕಿದರೆ ಬಿಲ್ಡ್ ಮುಗಿಯಬಹುದು, ಆದರೆ ಅಷ್ಟು ಹೊತ್ತು ಗೇಟಿನ ಟೋಕನ್ ಕುಂಟುತ್ತದೆ. ನಾನು ಹೇಳುವುದು ಇಷ್ಟೇ: ಜನ ಬಳಸುತ್ತಿರುವ ಸರ್ವರ್‌ನಲ್ಲಿ ಬಿಲ್ಡ್ ಮಾಡಲೇಬೇಡಿ. ಲ್ಯಾಪ್‌ಟಾಪಿನಲ್ಲಿ ಮಾಡಿ, ಡಿಸ್ಟ್ ಫೋಲ್ಡರ್ ಮಾತ್ರ ಕಳಿಸಿ. ಇದೊಂದು ತೀರ್ಮಾನದಿಂದಲೇ ಸರ್ವರ್‌ನಲ್ಲಿ ನೋಡ್ ಮಾಡ್ಯೂಲ್ಸ್ (ಆ್ಯಪಿಗೆ ಬೇಕಾದ ಪ್ಯಾಕೇಜುಗಳ ಫೋಲ್ಡರ್) ಇಡುವ, ಬಿಲ್ಡ್ ಸಾಮಾನು ಹಾಕುವ ತಾಪತ್ರಯ ಎಲ್ಲ ಹೋಗುತ್ತದೆ.

ಓಪನ್‌ಎಸ್‌ಎಸ್‌ಎಲ್ ಎರರ್‌ಗೆ ಕಾರಣ ಬೇರೆ. ವೆಬ್‌ಪ್ಯಾಕ್ 4 ತನ್ನ ಒಳಗಿನ ಲೆಕ್ಕಕ್ಕೆ ಎಂಡಿ4 ಅನ್ನುವ ಹಳೆಯ ಹ್ಯಾಶ್ (ಫೈಲಿನ ಒಳಗಿನದರಿಂದ ಲೆಕ್ಕ ಹಾಕಿ ತೆಗೆಯುವ ಗುರುತು) ಬಳಸುತ್ತದೆ. ವೆಬ್‌ಪ್ಯಾಕ್ ಓಡುವುದು ನೋಡ್ ಅನ್ನುವ ತಂತ್ರಾಂಶದ ಮೇಲೆ. 2021ರಲ್ಲಿ ಬಂದ ನೋಡ್ 17ರಿಂದ ಅದರ ಒಳಗಡೆ ಗೂಢಲಿಪಿ ಕೆಲಸಕ್ಕೆ ಓಪನ್‌ಎಸ್‌ಎಸ್‌ಎಲ್ 3 ಇದೆ. ಅದು ಎಂಡಿ4 ಅನ್ನು ಹಳೆಯ ಗಂಟಿಗೆ ಸೇರಿಸಿ ಮುಚ್ಚಿಟ್ಟಿದೆ. ನಿಮ್ಮ ಹೊಸ ಲ್ಯಾಪ್‌ಟಾಪಿನಲ್ಲಿ ಹೊಸ ನೋಡ್ ಇದೆ, ಹಾಗಾಗಿ ಜಗಳ. ‘ಲೆಗಸಿ ಪ್ರೊವೈಡರ್’ ಅಂತ ಒಂದು ಆಯ್ಕೆ ಹಾಕಿದರೆ ಸರಿಹೋಗುತ್ತದೆ ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ಸರಿಹೋಗುವುದು ನಿಜ. ಆದರೆ ಇಂಥ ಒಂದೊಂದೇ ಸಾಲು ಸೇರಿ ಸೇರಿ ತಾನೇ ಇವತ್ತು ನಾಲ್ಕು ಫೈಲಾಗಿರುವುದು? ನೋಡ್ 16ಕ್ಕೆ ಹಿಂದೆ ಹೋಗುವುದೂ ಬೇಡ. ಅದರ ಬೆಂಬಲ 2023ರ ಸೆಪ್ಟೆಂಬರಿನಲ್ಲೇ ಮುಗಿದಿದೆ. ವೆಬ್‌ಪ್ಯಾಕ್ 5ರ ಈಚಿನ ಆವೃತ್ತಿಗೆ ಬನ್ನಿ. ಈ ಎರರ್ ಅಲ್ಲಿ ಇಲ್ಲ.

5ಕ್ಕೆ ಬರುವಾಗ ಒಂದು ತೊಡಕು ಎದುರಾಗಬಹುದು. ಕ್ರಿಪ್ಟೋ, ಬಫರ್, ಪಾಥ್ ತರಹದ, ನೋಡ್‌ನ ಒಳಗೇ ಇರುವ ಮಾಡ್ಯೂಲುಗಳನ್ನು ವೆಬ್‌ಪ್ಯಾಕ್ 4 ಕೇಳದೆಯೇ ಬ್ರೌಸರ್‌ಗೆ ಹೊಂದಿಸಿ ಕೊಡುತ್ತಿತ್ತು. 5 ಕೊಡುವುದಿಲ್ಲ, ಎರರ್ ತೋರಿಸುತ್ತದೆ. ಮಿಲ್ಲಿನ ಬಿಲ್ಲಿಂಗ್ ಪುಟಕ್ಕೆ ಅವು ಯಾಕೆ ಬೇಕಾದವು ಅಂತ ಹುಡುಕಿ. ಬಹಳ ಸಲ ಯಾವುದೋ ಹಳೆಯ ಪ್ಯಾಕೇಜು ಎಳೆದುಕೊಂಡು ಬಂದಿರುತ್ತದೆ. ಆ ಪ್ಯಾಕೇಜನ್ನೇ ತೆಗೆಯಬಹುದು.

ಈಗ ನಾಲ್ಕು ಫೈಲಿಗೆ ಬರೋಣ. ಇಲ್ಲಿ ಸ್ವಲ್ಪ ಕೂತು ಓದುವ ಕೆಲಸ ಇದೆ. ಒಂದೊಂದು ಸಾಲನ್ನೂ ಓದಿ, ಇದು ಯಾಕಿದೆ ಅಂತ ಪಕ್ಕದಲ್ಲಿ ಬರೆಯಿರಿ. ಗೊತ್ತಿಲ್ಲದಿದ್ದರೆ ‘ಗಿಟ್ ಬ್ಲೇಮ್’ ನೋಡಿ, ಯಾವ ಬದಲಾವಣೆಯ ಜೊತೆ ಬಂತು ಅಂತ ತಿಳಿಯುತ್ತದೆ. ಆಗಲೂ ಗೊತ್ತಾಗದಿದ್ದರೆ ಆ ಸಾಲು ತೆಗೆದು ಬಿಲ್ಡ್ ಮಾಡಿ, ಆ್ಯಪ್ ತೆರೆದು ನೋಡಿ. ಒಂದು ಸಲಕ್ಕೆ ಒಂದೇ ಸಾಲು. ಒಟ್ಟಿಗೆ ಐದಾರು ತೆಗೆದರೆ ಯಾವುದರಿಂದ ಕೆಟ್ಟಿತು ಅಂತ ಹುಡುಕುವುದೇ ಇನ್ನೊಂದು ಕೆಲಸವಾಗುತ್ತದೆ.

2019ರ ಫೈಲಿನಲ್ಲಿ ಏನೇನು ಇರುತ್ತದೆ ಅಂತ ನೋಡದೆಯೂ ಸುಮಾರು ಹೇಳಬಲ್ಲೆ. ಚಿತ್ರಗಳಿಗೆ ಫೈಲ್ ಲೋಡರ್, ಯುಆರ್‌ಎಲ್ ಲೋಡರ್ ಇರುತ್ತವೆ. ವೆಬ್‌ಪ್ಯಾಕ್ 5 ಆ ಕೆಲಸವನ್ನು ತಾನೇ ಮಾಡುತ್ತದೆ, ಅವೆರಡೂ ಬೇಡ. ಕೋಡ್ ಕುಗ್ಗಿಸಲು ಒಂದು ಪ್ಲಗಿನ್ ಇರುತ್ತದೆ. ಮೋಡ್ ‘ಪ್ರೊಡಕ್ಷನ್’ ಅಂತ ಕೊಟ್ಟರೆ ಸಾಕು, ತಾನಾಗಿ ಕುಗ್ಗುತ್ತದೆ. ಹಳೆಯ ಡಿಸ್ಟ್ ಅಳಿಸಲು ಇನ್ನೊಂದು ಪ್ಲಗಿನ್. ಈಗ ಔಟ್‌ಪುಟ್ ಸೆಟ್ಟಿಂಗಿನಲ್ಲಿ ‘ಕ್ಲೀನ್’ ಅಂತ ಒಂದು ಪದ ಅಷ್ಟೇ. ಬೇಬಲ್‌ನಲ್ಲಿ ಇಂಟರ್ನೆಟ್ ಎಕ್ಸ್‌ಪ್ಲೋರರ್ 11ಕ್ಕೂ ಓಡಲಿ ಅಂತ ಹಾಕಿದ ಸಾಮಾನು ಇದ್ದೇ ಇರುತ್ತದೆ. ಮೈಕ್ರೋಸಾಫ್ಟೇ ಅದನ್ನು 2022ರ ಜೂನಿನಲ್ಲಿ ನಿಲ್ಲಿಸಿತು. ನಿಮ್ಮ ಗೇಟಿನ ಹುಡುಗ ಆಂಡ್ರಾಯ್ಡ್ ಫೋನಿನಲ್ಲಿ ಕ್ರೋಮ್ ಬಳಸುತ್ತಾನೆ, ಅಲ್ವಾ? ಹಾಗಿದ್ದರೆ ಅದನ್ನೂ ತೆಗೆಯಿರಿ. ಬಂಡಲ್ ಸಣ್ಣದಾಗುತ್ತದೆ, ಬೇಗ ತೆರೆಯುತ್ತದೆ. ಬೇಬಲ್ ಎರಡು ಕಡೆ ಇದೆ ಅಂದಿರಲ್ಲ, ಒಂದು ಕಡೆ ಸಾಕು. ಎರಡು ಕಡೆ ಇದ್ದರೆ ಯಾವುದು ಗೆಲ್ಲುತ್ತದೆ ಅಂತ ನೆನಪಿಟ್ಟುಕೊಳ್ಳುವ ಕರ್ಮ ಯಾಕೆ?

ಡೆವ್ ಫೈಲಿನಲ್ಲಿ ಡೆವ್ ಸರ್ವರ್ ಸೆಟ್ಟಿಂಗ್ ಬಿಟ್ಟರೆ ಬೇರೆ ಹೆಚ್ಚೇನೂ ಇರುವುದಿಲ್ಲ. ಅದು ಮುಖ್ಯ ಫೈಲಿನಲ್ಲೇ ಇರಬಹುದು. ಬಿಲ್ಡ್ ಮಾಡುವಾಗ ಅದರ ಕಡೆ ವೆಬ್‌ಪ್ಯಾಕ್ ತಿರುಗಿಯೂ ನೋಡುವುದಿಲ್ಲ.

ಇನ್ನು ಉಳಿದದ್ದು ಸ್ಟೇಜಿಂಗ್ ಮತ್ತು ಪ್ರಾಡ್. ಎರಡನ್ನೂ ಅಕ್ಕಪಕ್ಕ ಇಟ್ಟು ‘ಡಿಫ್’ ನೋಡಿ. ನನ್ನ ಅಂದಾಜು, ಎಪಿಐ ವಿಳಾಸ (ಆ್ಯಪ್ ತನ್ನ ಮಾಹಿತಿಯನ್ನು ಕೇಳುವ ಜಾಗ) ಮಾತ್ರ ಬೇರೆ ಇರುತ್ತದೆ. ಆ ಒಂದು ವಿಳಾಸಕ್ಕೋಸ್ಕರ ಇಡೀ ಆ್ಯಪ್ ಎರಡೆರಡು ಸಲ ಬಿಲ್ಡ್ ಆಗುತ್ತಿದೆ. ಇದರಲ್ಲಿ ಅಪಾಯವೂ ಇದೆ. ನೀವು ಪರೀಕ್ಷೆ ಮಾಡಿದ್ದು ಒಂದು ಬಿಲ್ಡ್, ಜನರಿಗೆ ಹೋದದ್ದು ಇನ್ನೊಂದು. ನಮ್ಮ ಬಳ್ಳಾರಿಯ ಜೀನ್ಸ್ ಯೂನಿಟ್ಟುಗಳಲ್ಲಿ ಬೇರೆ ಬೇರೆ ಅಂಗಡಿಗೆ ಅಂತ ಬೇರೆ ಬೇರೆ ಬಟ್ಟೆ ಕತ್ತರಿಸುವುದಿಲ್ಲ. ಕಟಿಂಗ್, ಹೊಲಿಗೆ, ವಾಷಿಂಗ್ ಎಲ್ಲಕ್ಕೂ ಒಂದೇ. ಕೊನೆಯಲ್ಲಿ ಯಾವ ಅಂಗಡಿಗೆ ಹೋಗಬೇಕೋ ಅವರ ಲೇಬಲ್ ಹಚ್ಚುತ್ತಾರೆ. ಬಿಲ್ಡೂ ಹಾಗೇ ಇರಬೇಕು. ಒಂದೇ ಸಲ ತಯಾರಾಗಲಿ, ಎಲ್ಲಿ ಓಡುತ್ತದೋ ಅಲ್ಲಿನ ಸೆಟ್ಟಿಂಗ್ ಆಮೇಲೆ ಹಚ್ಚಿಕೊಳ್ಳಲಿ. ಇದು ನಾನು ಹುಟ್ಟಿಸಿದ ಮಾತಲ್ಲ. ಹೆರೋಕು ಕಂಪನಿಯವರು 2011ರಲ್ಲಿ ‘ಟ್ವೆಲ್ವ್ ಫ್ಯಾಕ್ಟರ್ ಆ್ಯಪ್’ ಅಂತ ಹನ್ನೆರಡು ನಿಯಮ ಬರೆದಿಟ್ಟರು. ಅದರಲ್ಲಿ ಬಿಲ್ಡ್, ರಿಲೀಸ್, ರನ್ ಮೂರೂ ಬೇರೆ ಬೇರೆ ಇರಲಿ ಅನ್ನುವುದೂ ಒಂದು.

ಹಚ್ಚುವುದು ಹೇಗೆ? ನಿಮ್ಮ ವಿಷಯದಲ್ಲಿ ತೀರಾ ಸುಲಭದ ದಾರಿ ಇದೆ. ಆ್ಯಪಿನ ಒಳಗೆ ಪೂರ್ತಿ ವಿಳಾಸ ಬರೆಯಲೇಬೇಡಿ. ಬರೀ ‘ಸ್ಲ್ಯಾಶ್ ಎಪಿಐ’ ಅಂತ ಬರೆಯಿರಿ. ಆಗ ಪುಟ ಯಾವ ಸರ್ವರ್‌ನಿಂದ ತೆರೆಯಿತೋ ಅದೇ ಸರ್ವರ್‌ಗೆ ಬ್ರೌಸರ್ ಕೇಳುತ್ತದೆ. ಆ ಸರ್ವರ್‌ನಲ್ಲಿ ಪುಟ ಕಳಿಸುವ ತಂತ್ರಾಂಶವಾದ ಎಂಜಿನ್‌ಎಕ್ಸ್ (nginx) ಅಂಥ ಕೋರಿಕೆಗಳನ್ನು ಹಿಂದಿನ ಎಪಿಐಗೆ ದಾಟಿಸಲಿ. ಸ್ಟೇಜಿಂಗ್ ಸರ್ವರ್‌ನಲ್ಲಿ ಸ್ಟೇಜಿಂಗ್ ಎಪಿಐ, ನಿಜವಾದದ್ದರಲ್ಲಿ ನಿಜವಾದದ್ದು. ಎಂಜಿನ್‌ಎಕ್ಸ್‌ನಲ್ಲಿ ನಾಲ್ಕೈದು ಸಾಲಿನ ಕೆಲಸ. ಮೂರು ಇಎನ್‌ವಿ ಫೈಲು, ಸ್ಟೇಜಿಂಗ್ ಫೈಲು, ಪ್ರಾಡ್ ಫೈಲು ಎಲ್ಲ ಒಂದೇ ಏಟಿಗೆ ಹೋದವು. ಬೇರೆ ವಿಳಾಸದಿಂದ ಕರೆದಾಗ ಬರುವ ಕಾರ್ಸ್ ಎರರ್ ಕಾಟವೂ ಇರುವುದಿಲ್ಲ.

ಡಿಪ್ಲಾಯ್ ಸ್ಕ್ರಿಪ್ಟಿನ ಮೊದಲ ಸಾಲುಗಳನ್ನು ನೋಡಿ. ಹಳೆಯ ಫೋಲ್ಡರ್ ಅಳಿಸಿ ಆಮೇಲೆ ಬಿಲ್ಡ್ ಮಾಡುವ ಸ್ಕ್ರಿಪ್ಟುಗಳು ನಮ್ಮ ಕಡೆ ಬಹಳ. ಬಿಲ್ಡ್ ಕೆಟ್ಟರೆ ಹಳೆಯದೂ ಇಲ್ಲ, ಹೊಸದೂ ಇಲ್ಲ. ಸ್ಕ್ರಿಪ್ಟಿನ ತಲೆಯಲ್ಲಿ ‘ಸೆಟ್ ಮೈನಸ್ ಇ’ ಹಾಕಿ, ಯಾವ ಹೆಜ್ಜೆ ಕೆಟ್ಟರೂ ಅಲ್ಲೇ ನಿಲ್ಲುತ್ತದೆ. ಆಮೇಲೆ ಮೂರೇ ಕೆಲಸ ಇರಲಿ: ಪ್ಯಾಕೇಜು ಹಾಕಲು ‘ಎನ್‌ಪಿಎಂ ಸಿಐ’, ಬಿಲ್ಡ್‌ಗೆ ‘ಎನ್‌ಪಿಎಂ ರನ್ ಬಿಲ್ಡ್’, ಸರ್ವರ್‌ಗೆ ಕಳಿಸಲು ‘ಆರ್‌ಸಿಂಕ್’. ಇನ್‌ಸ್ಟಾಲ್ ಅಲ್ಲ, ಸಿಐ. ಇನ್‌ಸ್ಟಾಲ್ ಕೊಟ್ಟರೆ ಲಾಕ್ ಫೈಲ್ (ಪ್ರತಿ ಪ್ಯಾಕೇಜಿನ ನಿಖರ ಆವೃತ್ತಿ ಬರೆದಿಟ್ಟದ್ದು) ಬದಲಾಗುವ ಸಾಧ್ಯತೆ ಇದೆ. ಸಿಐ ಲಾಕ್ ಫೈಲಿನಲ್ಲಿ ಇದ್ದದ್ದನ್ನೇ ಹಾಕುತ್ತದೆ, ಹೊಂದದಿದ್ದರೆ ನಿಂತುಬಿಡುತ್ತದೆ. ಲಾಕ್ ಫೈಲ್ ಗಿಟ್‌ನಲ್ಲಿ ಇರಲೇಬೇಕು. ನೋಡ್‌ನ ಯಾವ ಆವೃತ್ತಿ ಅಂತಲೂ ಎನ್‌ವಿಎಂಆರ್‌ಸಿ ಫೈಲಿನಲ್ಲಿ ಬರೆದಿಡಿ, ನಾಳೆ ಇನ್ನೊಂದು ಲ್ಯಾಪ್‌ಟಾಪ್ ತಂದಾಗ ಇದೇ ಪತ್ರ ಮತ್ತೆ ಬರೆಯಬೇಕಾಗುವುದಿಲ್ಲ.

ಸರ್ವರ್‌ನಲ್ಲಿ ಪ್ರತಿ ಸಲ ತಾರೀಖಿನ ಹೆಸರಿನ ಹೊಸ ಫೋಲ್ಡರ್‌ಗೆ ಕಳಿಸಿ. ‘ಕರೆಂಟ್’ ಅನ್ನುವ ಸಿಮ್‌ಲಿಂಕ್ (ಇನ್ನೊಂದು ಫೋಲ್ಡರನ್ನು ತೋರಿಸುವ ಕೊಂಡಿ) ಅದರ ಕಡೆ ತಿರುಗಿಸಿ. ಬಿಲ್ಲಿನಲ್ಲಿ ಏನಾದರೂ ಎಡವಟ್ಟು ಕಂಡರೆ ಲಿಂಕ್ ಹಿಂದಿನ ಫೋಲ್ಡರ್‌ಗೆ ತಿರುಗಿಸಿದರೆ ಆಯಿತು. ಮತ್ತೆ ಬಿಲ್ಡ್ ಮಾಡಬೇಕಿಲ್ಲ.

ವೆಬ್‌ಪ್ಯಾಕ್ ಬದಲು ವೀಟ್ ಅನ್ನುವ ಬಿಲ್ಡ್ ಸಾಧನಕ್ಕೆ ಹೋಗಬಾರದೇ ಅಂತ ನೀವು ಕೇಳಿಲ್ಲ, ಆದರೆ ಯಾರಾದರೂ ಹೇಳುತ್ತಾರೆ. 2020ರಲ್ಲಿ ಇವಾನ್ ಯು ಶುರು ಮಾಡಿದ್ದು, ಚೆನ್ನಾಗಿದೆ. ರಿಯಾಕ್ಟ್ ಆ್ಯಪಿಗೆ ಅದರ ಸೆಟ್ಟಿಂಗ್ ಹತ್ತು ಸಾಲೂ ಆಗುವುದಿಲ್ಲ. ಹೊಸ ಕೆಲಸಕ್ಕೆ ನಾನೂ ಅದನ್ನೇ ಹಾಕುತ್ತೇನೆ. ಆದರೆ ಹಳೆಯದರಲ್ಲಿ ಜೆಎಸ್‌ಎಕ್ಸ್ ಇರುವ ಫೈಲುಗಳ ಹೆಸರು ಬದಲಿಸಬೇಕು, ‘ರಿಕ್ವೈರ್’ ಇದ್ದಲ್ಲೆಲ್ಲ ‘ಇಂಪೋರ್ಟ್’ ಮಾಡಬೇಕು, ಇಂಡೆಕ್ಸ್ ಪುಟದ ಜಾಗ ಬದಲಿಸಬೇಕು. ಮೊದಲು ಕಸ ತೆಗೆಯಿರಿ. ಅದು ನೆಟ್ಟಗೆ ಓಡಿದ ಮೇಲೆ, ಬೇಕು ಅನ್ನಿಸಿದರೆ ಹೋಗಿ. ಎರಡೂ ಒಟ್ಟಿಗೆ ಮಾಡಿದರೆ ಎರಡೂ ಅರ್ಧಕ್ಕೆ ನಿಲ್ಲುತ್ತವೆ.

ಪ್ರಶ್ನೆ: ಅಕ್ಕಾ, ನಾನು ರಾಯಚೂರಿನಲ್ಲಿ ಇಂಜಿನಿಯರಿಂಗ್ ಓದುತ್ತಿದ್ದೇನೆ. ಹಾಸ್ಟೆಲ್ ಮೆಸ್ಸಿನ ಲೆಕ್ಕಕ್ಕೆ ಒಂದು ಆ್ಯಪ್ ಮಾಡಿದ್ದೇನೆ. ನನ್ನ ವಿಂಡೋಸ್ ಲ್ಯಾಪ್‌ಟಾಪಿನಲ್ಲಿ ಬಿಲ್ಡ್ ಸಲೀಸಾಗಿ ಆಗುತ್ತದೆ. ಸರ್ವರ್‌ನಲ್ಲಿ ಮಾತ್ರ ‘ಹೆಡರ್’ ಫೈಲ್ ಸಿಗಲಿಲ್ಲ ಅನ್ನುತ್ತದೆ. ಫೈಲು ಅಲ್ಲೇ ಕಣ್ಣಿಗೆ ಕಾಣುತ್ತಿದೆ! ಸ್ನೇಹಿತ ಬೇರೆ ಸೆಟ್ಟಿಂಗ್ ಕಾಪಿ ಮಾಡಿಕೊಟ್ಟ. ಈಗ ‘ವೀಟ್ ನಾಟ್ ಫೌಂಡ್’ ಅಂತಲೂ ಬರುತ್ತಿದೆ.
– ವಿದ್ಯಾರ್ಥಿ, ರಾಯಚೂರು

ಉತ್ತರ: ಫೈಲಿನ ಹೆಸರಿನ ಮೊದಲ ಅಕ್ಷರ ದೊಡ್ಡದಾ ಸಣ್ಣದಾ ನೋಡಪ್ಪಾ. ವಿಂಡೋಸ್‌ಗೆ ದೊಡ್ಡ ಎಚ್ ಆದರೂ ಒಂದೇ, ಸಣ್ಣ ಎಚ್ ಆದರೂ ಒಂದೇ. ಲಿನಕ್ಸ್‌ಗೆ ಅವೆರಡೂ ಬೇರೆ ಬೇರೆ ಫೈಲು. ಹೆಸರನ್ನು ಫೋಲ್ಡರಿನಲ್ಲಿ ಬದಲಿಸಿದರೆ ವಿಂಡೋಸ್‌ನಲ್ಲಿ ಗಿಟ್‌ಗೆ ಗೊತ್ತೇ ಆಗದಿರಬಹುದು, ‘ಗಿಟ್ ಎಂವಿ’ ಕೊಟ್ಟೇ ಬದಲಿಸು.

ಎರಡನೆಯದಕ್ಕೆ ಕಾರಣ ನಿನ್ನ ಸ್ನೇಹಿತ ಕೊಟ್ಟ ಸೆಟ್ಟಿಂಗ್. ಅದರಲ್ಲಿ ನೋಡ್ ಎನ್‌ವಿ (NODE_ENV) ‘ಪ್ರೊಡಕ್ಷನ್’ ಅಂತ ಇರುತ್ತದೆ. ಹಾಗಿದ್ದಾಗ ಎನ್‌ಪಿಎಂ ಡೆವ್ ಡಿಪೆಂಡೆನ್ಸಿಗಳನ್ನು (ಬರೆಯುವಾಗ, ಬಿಲ್ಡ್ ಮಾಡುವಾಗ ಮಾತ್ರ ಬೇಕಾಗುವ ಪ್ಯಾಕೇಜುಗಳನ್ನು) ಹಾಕುವುದೇ ಇಲ್ಲ. ನಿನ್ನ ವೀಟ್ ಇರುವುದು ಆ ಪಟ್ಟಿಯಲ್ಲೇ. ಆ ಸೆಟ್ಟಿಂಗ್ ತೆಗೆದುಬಿಡು, ವೀಟ್ ಬಿಲ್ಡ್ ಮಾಡುವಾಗ ತಾನೇ ಪ್ರೊಡಕ್ಷನ್ ಅಂದುಕೊಳ್ಳುತ್ತದೆ. ಇನ್ನೊಬ್ಬರ ಸೆಟ್ಟಿಂಗ್ ಕಾಪಿ ಮಾಡುವಾಗ ಸಾಲುಸಾಲಾಗಿ ಓದಿ ಕಾಪಿ ಮಾಡು. ಗಂಗಾವತಿಯವರಿಗೆ ಹೇಳಿದ್ದು ನಿನಗೂ ಅನ್ವಯ.

ಪ್ರಶ್ನೆ: ಬಳ್ಳಾರಿ ಕೌಲ್ ಬಜಾರಿನಲ್ಲಿ ನಮ್ಮ ಸಗಟು ಅಂಗಡಿ. ಆರ್ಡರ್ ತೆಗೆದುಕೊಳ್ಳಲು ಸಣ್ಣ ವೆಬ್ ಆ್ಯಪ್ ಇದೆ. ಡಿಪ್ಲಾಯ್ ಸುಲಭವಾಗಬೇಕಾದರೆ ಡಾಕರ್ ಮತ್ತು ಕೂಬರ್ನೆಟಿಸ್ ಹಾಕಿಸಲೇಬೇಕು ಅಂತ ಒಬ್ಬರು ಕೊಟೇಶನ್ ಕೊಟ್ಟಿದ್ದಾರೆ. ಹಾಕಿಸಲಾ?
– ವ್ಯಾಪಾರಿ, ಬಳ್ಳಾರಿ

ಉತ್ತರ: ಕೂಬರ್ನೆಟಿಸ್ ಬೇಡ. ಅದು ಹಲವಾರು ಮಷಿನ್‌ಗಳ ಮೇಲೆ ಹಲವಾರು ಸರ್ವಿಸ್ ಓಡಿಸುವವರಿಗೆ. ನಿಮ್ಮದು ಒಂದು ಆ್ಯಪ್, ಒಂದು ಸರ್ವರ್. ಅದನ್ನು ನೋಡಿಕೊಳ್ಳಲು ತಿಂಗಳ ಸಂಬಳದ ಮನುಷ್ಯ ಬೇಕಾಗುತ್ತದೆ. ಕೊಟೇಶನ್ ಕೊಟ್ಟವರಿಗೆ ಅದು ಗೊತ್ತಿಲ್ಲದೆ ಏನಿಲ್ಲ.

ಆ್ಯಪನ್ನು ಅದಕ್ಕೆ ಬೇಕಾದ ಸಾಮಾನಿನ ಸಮೇತ ಒಂದೇ ಡಬ್ಬಿಯಲ್ಲಿ ಕಟ್ಟುವ ಡಾಕರ್ ಬೇಕಾದರೆ ಹಾಕಿಸಿ, ತಪ್ಪಿಲ್ಲ. ಲ್ಯಾಪ್‌ಟಾಪಿನಲ್ಲಿ ಓಡಿದ್ದು ಸರ್ವರ್‌ನಲ್ಲೂ ಹಾಗೇ ಓಡುತ್ತದೆ. ಆದರೆ ಮಾಡುವವರಿಗೆ ಮೂರು ಮಾತು ಹೇಳಿ. ಒಂದು, ಮಲ್ಟಿಸ್ಟೇಜ್ ಇರಲಿ. 2017ರಿಂದ ಡಾಕರ್‌ನಲ್ಲಿ ಈ ಅನುಕೂಲ ಇದೆ. ಮೊದಲ ಹಂತದಲ್ಲಿ ನೋಡ್ ಇಟ್ಟು ಬಿಲ್ಡ್ ಮಾಡುವುದು, ಎರಡನೇ ಹಂತಕ್ಕೆ ಎಂಜಿನ್‌ಎಕ್ಸ್ ಮತ್ತು ಡಿಸ್ಟ್ ಫೋಲ್ಡರ್ ಮಾತ್ರ ಒಯ್ಯುವುದು. ಎರಡು, ಪ್ಯಾಕೇಜ್ ಫೈಲು ಮತ್ತು ಲಾಕ್ ಫೈಲನ್ನು ಮೊದಲು ಕಾಪಿ ಮಾಡಿ ‘ಎನ್‌ಪಿಎಂ ಸಿಐ’ ಓಡಿಸಲಿ, ಉಳಿದ ಕೋಡ್ ಆಮೇಲೆ ಬರಲಿ. ಹೀಗೆ ಮಾಡದಿದ್ದರೆ ನೀವು ಒಂದು ಅಕ್ಷರ ತಿದ್ದಿದರೂ ಎಲ್ಲ ಪ್ಯಾಕೇಜೂ ಮತ್ತೆ ಡೌನ್‌ಲೋಡ್ ಆಗುತ್ತವೆ. ಮೂರು, ಡಾಕರ್ ಇಗ್ನೋರ್ ಫೈಲಿನಲ್ಲಿ ನೋಡ್ ಮಾಡ್ಯೂಲ್ಸ್, ಗಿಟ್ ಮತ್ತು ಇಎನ್‌ವಿ ಫೈಲು ಇರಲಿ. ಈ ಮೂರಕ್ಕೆ ಅವರು ತಬ್ಬಿಬ್ಬಾದರೆ ಬೇರೆ ಕೊಟೇಶನ್ ತೆಗೆದುಕೊಳ್ಳಿ.

ಪ್ರಶ್ನೆ: ನೀವು ಯಾವಾಗಲೂ ‘ತೆಗೆಯಿರಿ, ತೆಗೆಯಿರಿ’ ಅನ್ನುತ್ತೀರಿ. ನಮ್ಮ ಸೀನಿಯರ್ ‘ಓಡುವುದನ್ನು ಮುಟ್ಟಬೇಡ’ ಅನ್ನುತ್ತಾರೆ. ಯಾರ ಮಾತು ಕೇಳಲಿ?
– ಸಿರುಗುಪ್ಪ

ಉತ್ತರ: ಇವತ್ತು ಸಂಜೆ ಡಿಪ್ಲಾಯ್ ಇದ್ದರೆ ಸೀನಿಯರ್ ಮಾತು ಕೇಳಿ. ಕೈಯಲ್ಲಿ ಒಂದು ವಾರ ಇದ್ದರೆ ನನ್ನದು.

ಪ್ರಶ್ನೆ: ನಮಸ್ಕಾರ ಮೇಡಂ. ಕಿನ್ನಾಳ ಗೊಂಬೆಗಳನ್ನು ಆನ್‌ಲೈನಿನಲ್ಲಿ ಮಾರುತ್ತಿದ್ದೇವೆ. ಪೇಮೆಂಟ್ ಗೇಟ್‌ವೇ ಕೀಗಳನ್ನು ಕೋಡಿನಲ್ಲಿ ಬರೆಯಬಾರದು ಅಂತ ಓದಿ, ಇಎನ್‌ವಿ ಫೈಲಿಗೆ ಹಾಕಿದೆ. ಪುಟದ ಕಡೆಯಿಂದಲೇ ಗೇಟ್‌ವೇ ಕರೆಯುತ್ತೇವೆ. ಈಗ ಸುರಕ್ಷಿತ ಅಲ್ವಾ?
– ಕೊಪ್ಪಳ

ಉತ್ತರ: ಅಲ್ಲ. ದಯವಿಟ್ಟು ಇವತ್ತೇ ಸರಿಮಾಡಿ. ಪುಟದ ಕಡೆಯ ಕೋಡ್ ಇಎನ್‌ವಿ ಫೈಲಿನಿಂದ ಏನು ತೆಗೆದುಕೊಳ್ಳುತ್ತದೋ ಅದು ಬಿಲ್ಡ್ ಆಗುವಾಗ ಜಾವಾಸ್ಕ್ರಿಪ್ಟಿನ ಒಳಗೇ ಅಚ್ಚಾಗುತ್ತದೆ. ಬ್ರೌಸರ್‌ನಲ್ಲಿ ಸೋರ್ಸ್ ತೆರೆದು ಹುಡುಕಿ, ನಿಮ್ಮ ಕೀ ಅಲ್ಲೇ ಕೂತಿರುತ್ತದೆ. ವೀಟ್ ಬಳಸುವವರು ನೋಡಿರಬಹುದು, ಹೆಸರಿನ ಮುಂದೆ ‘ವೀಟ್’ ಅಂತ ಇರುವ ಮೌಲ್ಯಗಳನ್ನು ಮಾತ್ರ ಅದು ಪುಟಕ್ಕೆ ಬಿಡುತ್ತದೆ. ಅದು ಬೀಗ ಹಾಕಿದಂತಲ್ಲ. ಆ ಮುಂಪದ ಹಾಕಿದರೆ ಇದು ಎಲ್ಲರಿಗೂ ಕಾಣಲಿ ಅಂತ ನೀವೇ ಒಪ್ಪಿದ ಹಾಗೆ.

ಸಾಮಾನ್ಯವಾಗಿ ಗೇಟ್‌ವೇಯವರು ಎರಡು ಕೊಡುತ್ತಾರೆ, ಒಂದು ಕೀ ಐಡಿ, ಇನ್ನೊಂದು ಸೀಕ್ರೆಟ್. ಐಡಿ ಪುಟದಲ್ಲಿ ಕಂಡರೆ ನಡೆಯುತ್ತದೆ. ಸೀಕ್ರೆಟ್ ಸರ್ವರ್ ಬಿಟ್ಟು ಹೊರಗೆ ಬರಬಾರದು. ಸೀಕ್ರೆಟ್ ಈಗಾಗಲೇ ಪುಟದಲ್ಲೋ ಗಿಟ್‌ನಲ್ಲೋ ಹೋಗಿದ್ದರೆ ಅಳಿಸಿದರೆ ಸಾಲದು, ಗಿಟ್‌ನ ಹಳೆಯ ಕಮಿಟ್‌ನಲ್ಲಿ ಅದು ಉಳಿದಿರುತ್ತದೆ. ಗೇಟ್‌ವೇ ಡ್ಯಾಶ್‌ಬೋರ್ಡಿಗೆ ಹೋಗಿ ಹಳೆಯ ಕೀ ರದ್ದು ಮಾಡಿ ಹೊಸದು ತೆಗೆಯಿರಿ. ಆಮೇಲೆ ಆರ್ಡರ್ ಹುಟ್ಟಿಸುವ, ಹಣ ಬಂತಾ ಅಂತ ಪರಿಶೀಲಿಸುವ ಎರಡೂ ಕೆಲಸವನ್ನು ಸರ್ವರ್ ಕಡೆಗೆ ಸಾಗಿಸಿ.

ಪ್ರಶ್ನೆ: ಸಿಂಧನೂರಿನಲ್ಲಿ ಗೊಬ್ಬರ, ಬೀಜದ ಅಂಗಡಿಗಳಿಗೆ ಸ್ಟಾಕ್ ಆ್ಯಪ್ ಕೊಟ್ಟಿದ್ದೇನೆ. ಹೊಸ ಬಿಲ್ಡ್ ಹಾಕಿದ ದಿನ ಕೆಲವರಿಗೆ ಹಳೆಯ ಪುಟವೇ ಕಾಣುತ್ತದೆ, ಕೆಲವರಿಗೆ ಬಿಳಿ ಪರದೆ. ‘ಹಿಸ್ಟರಿ ಕ್ಲಿಯರ್ ಮಾಡಿ’ ಅಂತ ಎಲ್ಲರಿಗೂ ಫೋನಿನಲ್ಲಿ ಹೇಳಿ ಸಾಕಾಗಿದೆ. ಬಿಲ್ಡ್ ಸೆಟ್ಟಿಂಗಿನಲ್ಲಿ ಏನು ಸೇರಿಸಬೇಕು?
– ಸಿಂಧನೂರು

ಉತ್ತರ: ಬಿಲ್ಡ್ ಸೆಟ್ಟಿಂಗಿಗೆ ಏನೂ ಸೇರಿಸಬೇಡಿ. ವೀಟ್ ಆದರೆ ಫೈಲಿನ ಹೆಸರಿಗೆ ಹ್ಯಾಶ್ ತಾನೇ ಸೇರಿಸುತ್ತದೆ, ವೆಬ್‌ಪ್ಯಾಕ್ ಆದರೆ ಔಟ್‌ಪುಟ್ ಹೆಸರಿನಲ್ಲಿ ‘ಕಂಟೆಂಟ್ ಹ್ಯಾಶ್’ ಇದೆಯಾ ನೋಡಿ. ಹ್ಯಾಶ್ ಇದ್ದರೆ ಒಳಗಿನದು ಬದಲಾದಾಗ ಹೆಸರೂ ಬದಲಾಗುತ್ತದೆ. ಹಾಗಾಗಿ ಆ ಫೈಲುಗಳನ್ನು ಬ್ರೌಸರ್ ಒಂದು ವರ್ಷ ಇಟ್ಟುಕೊಂಡರೂ ಚಿಂತೆಯಿಲ್ಲ. ಇಟ್ಟುಕೊಳ್ಳಬಾರದ್ದು ಇಂಡೆಕ್ಸ್ ಪುಟವೊಂದೇ. ಎಂಜಿನ್‌ಎಕ್ಸ್‌ನಲ್ಲಿ ಅದಕ್ಕೆ ಮಾತ್ರ ಕ್ಯಾಷ್ ಕಂಟ್ರೋಲ್ ‘ನೋ ಕ್ಯಾಷ್’ ಅಂತ ಕೊಡಿ. ಆಗ ಬ್ರೌಸರ್ ಪ್ರತಿ ಸಲ ಸರ್ವರ್‌ನಲ್ಲಿ ವಿಚಾರಿಸಿಯೇ ಮುಂದೆ ಹೋಗುತ್ತದೆ.

ಬಿಳಿ ಪರದೆ ಬರುವುದು ಇನ್ನೊಂದು ಕಾರಣಕ್ಕೆ. ಅಂಗಡಿಯವರು ಬೆಳಿಗ್ಗೆ ತೆರೆದ ಪುಟ ಸಂಜೆತನಕ ಹಾಗೇ ಇರುತ್ತದೆ. ನಡುವೆ ನೀವು ಹೊಸ ಬಿಲ್ಡ್ ಹಾಕಿ ಹಳೆಯ ಫೈಲು ಅಳಿಸಿರುತ್ತೀರಿ. ಅವರು ರಿಪೋರ್ಟ್ ಒತ್ತಿದಾಗ ಹಳೆಯ ಹೆಸರಿನ ತುಂಡು ಫೈಲನ್ನು ಬ್ರೌಸರ್ ಕೇಳುತ್ತದೆ, ಸರ್ವರ್‌ನಲ್ಲಿ ಅದು ಇಲ್ಲ. ಹಳೆಯ ಫೈಲುಗಳನ್ನು ಕೂಡಲೇ ಅಳಿಸಬೇಡಿ, ಹೊಸವುಗಳ ಪಕ್ಕದಲ್ಲೇ ಒಂದೆರಡು ವಾರ ಇರಲಿ. ಹೆಸರು ಬೇರೆ ಬೇರೆ ಇರುವುದರಿಂದ ಒಂದಕ್ಕೊಂದು ತಾಗುವುದಿಲ್ಲ. ಗಂಗಾವತಿಯವರಿಗೆ ತಾರೀಖಿನ ಫೋಲ್ಡರ್ ಹೇಳಿದೆನಲ್ಲ, ಅದನ್ನು ನೀವು ಮಾಡುವುದಾದರೆ ಹಿಂದಿನ ಅಸೆಟ್ಸ್ ಫೈಲುಗಳನ್ನು ಹೊಸ ಫೋಲ್ಡರಿಗೂ ಕಾಪಿ ಮಾಡಿ.

ಸರ್ವಿಸ್ ವರ್ಕರ್ (ಬ್ರೌಸರಿನಲ್ಲೇ ಉಳಿದು, ಇಟ್ಟುಕೊಂಡ ಪುಟಗಳನ್ನು ಕೊಡಬಲ್ಲ ಸ್ಕ್ರಿಪ್ಟು) ಏನಾದರೂ ಹಾಕಿದ್ದೀರಾ ಒಮ್ಮೆ ನೋಡಿ. ಹಾಕಿದ್ದು ನೆನಪೇ ಇಲ್ಲದೆ ಅದು ಹಳೆಯ ಪುಟವನ್ನೇ ಬಡಿಸುತ್ತಿರಬಹುದು. ನೆಟ್ ಇಲ್ಲದಾಗಲೂ ಆ್ಯಪ್ ಓಡಬೇಕು ಅಂತ ಅಂಗಡಿಯವರು ಕೇಳಿಲ್ಲವಾದರೆ ಅದನ್ನು ತೆಗೆಯಿರಿ. ಆದರೆ ಫೈಲು ಅಳಿಸಿ ಸುಮ್ನೆ ಕೂರಬೇಡಿ, ಅವರ ಫೋನಿನಲ್ಲಿ ಅದು ಉಳಿದಿರುತ್ತದೆ. ತನ್ನನ್ನು ತಾನೇ ಅನ್‌ರಿಜಿಸ್ಟರ್ ಮಾಡಿಕೊಳ್ಳುವ ಒಂದು ಪುಟ್ಟ ಫೈಲನ್ನು ಅದೇ ಹೆಸರಿನಲ್ಲಿ, ಅದೇ ಜಾಗದಲ್ಲಿ ಇಡಿ. ಎಲ್ಲರೂ ಒಮ್ಮೆ ಆ್ಯಪ್ ತೆರೆಯುವ ತನಕ ಅದು ಅಲ್ಲೇ ಇರಲಿ.